ನೆಗೆಣ್ಣಿ ರೊಟ್ಟಿ ಮಾರತೊಡಗಿದ ಮೇಲೆ

ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ನನಗಿಂತ ಕೆಟ್ಟ ರೊಟ್ಟಿ ಮಾಡುತ್ತಿದ್ದಳು. ಇದು ನನ್ನ ಮಾತಲ್ಲ, ನಮ್ಮಿಬ್ಬರ ಅತ್ತೆಯ ಮಾತು. "ದೊಡ್ಡಾಕಿ ರೊಟ್ಟಿ ಹೊಟ್ಟಿ ತುಂಬಸ್ತಾವು, ಸಣ್ಣಾಕಿ ರೊಟ್ಟಿ ನೋಡಿದ್ರ ಸಾಕು" ಅನ್ನುತ್ತಿದ್ದರು. ಅವಳ ರೊಟ್ಟಿಯ ಅಂಚು ಒಡೆಯುತ್ತಿತ್ತು, ನಡುವೆ ದಪ್ಪ ಉಳಿಯುತ್ತಿತ್ತು. ನನ್ನದು ಹಂಚಿನ ಮೇಲೆ ಬಿದ್ದು ಮಗುಚಿದ ಕೂಡಲೇ ಉಬ್ಬಿ ನಿಲ್ಲುತ್ತಿತ್ತು. ಆದರೂ ಗೋವಾದ ಮಂಗೋರ್ ಹಿಲ್‌ನ ಬುಡದಿಂದ ವೆರ್ಣಾದ ಕಾರ್ಖಾನೆಗಳ ತನಕ ಜನ ದುಡ್ಡು ಕೊಟ್ಟು ತಿಂದದ್ದು ಅವಳ ರೊಟ್ಟಿಯನ್ನು. ಈ ಅನ್ಯಾಯವನ್ನು ನಾನು ವರ್ಷಗಟ್ಟಲೆ ಎದೆಯಲ್ಲಿ ಇಟ್ಟುಕೊಂಡು ತಿರುಗಿದೆ.

ನಾವಿಬ್ಬರೂ ಬಾಗಲಕೋಟೆ ಕಡೆಯವರು. ಅಣ್ಣ ತಮ್ಮ ಇಬ್ಬರೂ ವಾಸ್ಕೋದ ಬಂದರಿನಲ್ಲಿ ಹಮಾಲಿಗೆ ಬಂದು, ಮಂಗೋರ್ ಗುಡ್ಡದ ಮೇಲೆ ಒಂದೇ ಗೋಡೆಗೆ ಅಂಟಿದ ಎರಡು ಖೋಲಿ ಹಿಡಿದಿದ್ದರು. ಅಲ್ಲಿ ಬಟ್ಟೆ ಒಣಹಾಕಿದರೆ ಸಂಜೆಗೆ ಕಲ್ಲಿದ್ದಲ ಧೂಳು ಹಿಡಿದಿರುತ್ತಿತ್ತು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ನನಗೆ ಒಬ್ಬಳು ಮಗಳು. ನೆಗೆಣ್ಣಿ ಶಾಲೆಯ ಕಟ್ಟೆ ಹತ್ತಿದವಳಲ್ಲ. ನಾನು ಹತ್ತನೆಯ ಇಯತ್ತೆ ಪಾಸಾದವಳು. ಊರಲ್ಲೂ ಗೋವಾದಲ್ಲೂ ಆ ತನಕ ಎಲ್ಲರೂ ನನ್ನನ್ನೇ ಹುಷಾರಿ ಎಂದು ಕರೆದಿದ್ದರು. ಅವಳೂ ಹಾಗೇ ಕರೆಯುತ್ತಿದ್ದಳು. ಊರಿಗೆ ಫೋನು ಹಚ್ಚಬೇಕಾದರೆ, ಬಸ್ಸಿನ ಬೋರ್ಡು ಓದಬೇಕಾದರೆ "ತಂಗಿ, ಬಾರವ್ವಾ" ಎಂದು ನನ್ನ ಬಾಗಿಲಿಗೇ ಬರುತ್ತಿದ್ದಳು. ಆ ದಿನಗಳಲ್ಲಿ ನನಗೆ ಅವಳ ಮೇಲೆ ಬಹಳ ಪ್ರೀತಿ ಇತ್ತು.

ಅದು ಅದಿರಿನ ಲಾರಿಗಳು ಎಡೆಬಿಡದೆ ಓಡುತ್ತಿದ್ದ ಕಾಲ. ಗಂಡಸರ ಕೈಯಲ್ಲಿ ಕಾಸಾಡುತ್ತಿತ್ತು, ಹೆಂಗಸರ ಕೈಯಲ್ಲಿ ಇರಲಿಲ್ಲ. ಮಡಗಾಂವಿನ ಒಂದು ಸಂಸ್ಥೆಯ ಮೇಡಂ ನಮ್ಮ ಗಲ್ಲಿಗೆ ಬಂದರು, ಅವರನ್ನು ಎಲ್ಲರೂ ಬಾಯಿ ಅನ್ನುತ್ತಿದ್ದರು. ಕೊಂಕಣಿ ಬೆರೆತ ಹರಕು ಕನ್ನಡದಲ್ಲಿ, ಹೆಂಗಸರೆಲ್ಲ ಸೇರಿ ಸಂಘ ಕಟ್ಟಿರಿ, ವಾರವಾರ ಸ್ವಲ್ಪ ಉಳಿಸಿರಿ, ಆಮೇಲೆ ಬ್ಯಾಂಕು ಸಂಘಕ್ಕೆ ಸಾಲ ಕೊಡುತ್ತದೆ, ಗಂಡನ ಸಹಿ ಬೇಡ ಎಂದರು. ಕೊನೆಯ ಮಾತು ಕೇಳಿ ಕೆಲವರು ನಕ್ಕರು, ಕೆಲವರು ಹತ್ತಿರ ಸರಿದು ಕೂತರು.

ಎದುರು ಮನೆಯಲ್ಲಿ ವಿಜಯಪುರದ ಕಡೆಯ ಸಾಬರ ಹೆಂಗಸೊಬ್ಬಳು ಇದ್ದಳು. ಬಳೆ ಮಾರುತ್ತಿದ್ದಳು, ನಾವೆಲ್ಲ ಆಪಾ ಅನ್ನುತ್ತಿದ್ದೆವು. ಅವಳ ಪಡಸಾಲೆಯಲ್ಲಿ ಸಂಘದ ಮೊದಲ ಸಭೆ ಸೇರಿತು. ಅಧ್ಯಕ್ಷಿ ಯಾರು ಎಂಬ ಪ್ರಶ್ನೆ ಬಂತು. ನಾನು ಆ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿದ್ದೆ. ಓದು ಬಲ್ಲವಳು ನಾನೊಬ್ಬಳೇ ಆಗಿದ್ದರಿಂದ ಬೇರೆ ಹೆಸರು ಬರಬಹುದೆಂದು ನನಗೆ ಹೊಳೆದೂ ಇರಲಿಲ್ಲ.

ಆಪಾ ಹೇಳಿದಳು: "ದೊಡ್ಡಾಕಿ ಆಗ್ಲಿ. ಆಕಿದು ಮಾತು ಕಡಿಮಿ. ಒಬ್ಬರ ಮನೀದು ಇನ್ನೊಬ್ಬರ ಮನಿಗೆ ಒಯ್ಯಂಗಿಲ್ಲ."

"ನನಗ ಸಹಿ ಸೈತ ಬರಂಗಿಲ್ಲವಾ" ಎಂದಳು ನೆಗೆಣ್ಣಿ.

"ಸಹಿ ಕಲೀತಿ. ಸಣ್ಣಾಕಿ ಕಲಸ್ತಾಳ. ಬರಿಯೂದು ಓದೂದು ಸಣ್ಣಾಕಿ ನೋಡಕೊಳ್ಳಲಿ."

ಎಲ್ಲರೂ ಹೂಂಗುಟ್ಟಿದರು. ನಾನೂ ಹೂಂ ಎಂದೆ. ಬೇರೇನು ಅನ್ನಲಿ? ಮನೆಗೆ ಬಂದು ಇಸ್ತ್ರಿಯ ಸೀರೆ ಬಿಚ್ಚಿ ಟ್ರಂಕಿನ ತಳಕ್ಕೆ ಹಾಕಿದೆ. ಮರುದಿನದಿಂದ ಮಗಳ ಪಾಟಿಯ ಮೇಲೆ ಅವಳಿಗೆ ಹೆಸರು ತಿದ್ದಿಸಿದೆ. ಬಳಪವನ್ನು ಲಟ್ಟಣಿಗೆ ಹಿಡಿದಂತೆ ಹಿಡಿಯುತ್ತಿದ್ದಳು. ಬೇಗ ಕಲಿಯದಿರಲಿ ಎಂದು ಒಳಗೊಳಗೇ ಹಾರೈಸಿದೆ. ಅವಳು ವಾರದೊಳಗೆ ಕಲಿತಳು.

ಸಾಲ ಬಂದಾಗ ಮೊದಲ ಸರದಿಯಲ್ಲೇ ನಮ್ಮಿಬ್ಬರಿಗೂ ಸಿಕ್ಕಿತು. ನನ್ನ ಗಂಡನಿಗೆ ಬಂದರಿನ ಕೆಲಸ ಸಾಕಾಗಿತ್ತು. ಮೋಟರ್‌ಸೈಕಲ್ ಕೊಂಡು ಗೋವಾದವರು ಅನ್ನುವ ಹಾಗೆ ಪೈಲಟ್ ಆಗಬೇಕು, ಬಾಡಿಗೆಗೆ ಹಿಂದೆ ಸವಾರಿ ಕೂರಿಸಿಕೊಂಡು ವಾಸ್ಕೋ ತುಂಬ ಓಡಾಡಬೇಕು ಎಂಬ ಆಸೆ. "ನಿನ್ನ ಹೆಸರಲೆ ತಗಿ, ನಾ ತೀರಸ್ತೇನಿ" ಎಂದ. ತೆಗೆದುಕೊಟ್ಟೆ. ಗಾಡಿ ಮನೆಗೆ ಬಂದ ಸಂಜೆ ಅವನ ಹಿಂದೆ ಕೂತು ಬೈನಾ ಕಡಲದಂಡೆಯ ತನಕ ಹೋಗಿ ಬಂದೆ. ಗಾಳಿಗೆ ಸೆರಗು ಹಾರುತ್ತಿತ್ತು. ನನ್ನ ಸಾಲದಿಂದ ಬಂದ ಗಾಡಿ ಎಂದು ಹೆಮ್ಮೆಯಾಗಿತ್ತು. ಗಾಡಿಯ ಕಾಗದ ಅವನ ಹೆಸರಲ್ಲಿ, ಸಾಲ ನನ್ನ ಹೆಸರಲ್ಲಿ ಎಂಬುದರ ಅರ್ಥ ಆಗ ನನಗೆ ತಿಳಿದಿರಲಿಲ್ಲ. ಕೆಲವು ತಿಂಗಳು ಕಂತು ಕೊಟ್ಟ. ಆಮೇಲೆ ಟೈರು ಸವೆಯಿತು, ಸವಾರಿ ಕಡಿಮೆ ಎಂಬ ಕಾರಣಗಳು ಶುರುವಾದವು. ನಾನು ಕೆಳಗಿನ ಫ್ಲ್ಯಾಟುಗಳಲ್ಲಿ ಮುಸುರೆ ತಿಕ್ಕಲು ಹಿಡಿದೆ.

ನೆಗೆಣ್ಣಿಯ ಮನೆಯ ಕಥೆ ಬೇರೆ. ಭಾವನಿಗೆ ಬಂದರಿನಲ್ಲಿ ಚೀಲ ಮೈಮೇಲೆ ಬಿದ್ದು ಬೆನ್ನು ಹೋಗಿತ್ತು. ಮನೆಯಲ್ಲೇ ಇರುತ್ತಿದ್ದರು. ಸಾಲದ ಹಣ ಏನು ಮಾಡುತ್ತೀ ಎಂದು ಅವರು ಕೇಳಲೇ ಇಲ್ಲವಂತೆ. ಅವಳು ಒಂದು ದೊಡ್ಡ ಹಂಚು, ಗ್ಯಾಸಿನ ಒಲೆ ಕೊಂಡಳು, ಹುಬ್ಬಳ್ಳಿ ಬಸ್ಸಿನಲ್ಲಿ ಜೋಳದ ಚೀಲ ತರಿಸಿದಳು. ಗುಡ್ಡದ ಬುಡದಲ್ಲಿ ವೆರ್ಣಾಕ್ಕೆ ಹೋಗುವ ಕಂಪನಿ ಬಸ್ಸುಗಳು ಬೆಳಗಿನ ಪಾಳಿಯವರನ್ನು ಹತ್ತಿಸಿಕೊಳ್ಳುವ ಜಾಗವಿತ್ತು. ಗದಗು, ಕೊಪ್ಪಳದ ಕಡೆಯ ಹುಡುಗರು ಪಾವು ತಿಂದು ತಿಂದು ಬೇಸತ್ತು ಅಲ್ಲಿ ನಿಂತಿರುತ್ತಿದ್ದರು. ಅವಳು ರೊಟ್ಟಿ, ಶೇಂಗಾ ಹಿಂಡಿ, ಒಂದು ಪಲ್ಯ ಕಟ್ಟಿಕೊಂಡು ಹೋಗಿ ನಿಂತಳು. ಮೊದಲ ದಿನ ಬುಟ್ಟಿ ಖಾಲಿ ಮಾಡಿಕೊಂಡೇ ಬಂದಳು.

ನಸುಕಿನಲ್ಲಿ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ನಾನು ಮಲಗಿದಲ್ಲೇ ಕಿವಿಗೊಟ್ಟು ಕೇಳುತ್ತಿದ್ದೆ. ಹಿಟ್ಟು ಸರಿಯಾಗಿ ನಾದಿಲ್ಲ, ಎಸರು ಕಡಿಮೆಯಾಗಿದೆ ಎಂದು ಸಪ್ಪಳದಿಂದಲೇ ನನಗೆ ಗೊತ್ತಾಗುತ್ತಿತ್ತು. ಹೋಗಿ ಹೇಳಲಿಲ್ಲ. ಗಂಡ ಮಗ್ಗುಲು ಬದಲಿಸಿ, "ನಮ್ಮ ಅತ್ಗಿ ಭಾರೀ ಗಟ್ಟಿಗಿತ್ತಿ ನೋಡು, ನೀನೂ ಇದ್ದಿ" ಅನ್ನುತ್ತಿದ್ದ. ನನ್ನ ಸಾಲದ ಗಾಡಿಯ ಕೀಲಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದವನು ಆ ಮಾತು ಹೇಳುತ್ತಿದ್ದ.

ವರ್ಷ ಕಳೆಯುವುದರೊಳಗೆ ಗಲ್ಲಿಯ ಮಂದಿ ಅವಳನ್ನು ಕರೆಯುವ ರೀತಿ ಬದಲಾಯಿತು. ಮೊದಲು 'ಬೆನ್ನು ಮುರದಾಂವನ ಹೆಂಡ್ತಿ' ಅನ್ನುತ್ತಿದ್ದವರು ಈಗ 'ಅಕ್ಕಾರ' ಅಂದರು. ಖೋಲಿಯ ಮಾಲೀಕ ಬಾಡಿಗೆಗೆ ಬಂದರೆ ಅವಳ ಬಾಗಿಲಲ್ಲಿ ನಿಂತು ಕುಶಲ ಕೇಳಿ ಹೋಗುತ್ತಿದ್ದ. ನನ್ನ ಬಾಗಿಲಲ್ಲಿ ಬರೀ ಕೈ ಚಾಚುತ್ತಿದ್ದ. ಅವಳ ಮಕ್ಕಳಿಗೆ ಶಾಲೆಗೆ ಹೆಗಲಿಗೇರಿಸಿಕೊಂಡು ಹೋಗಲು ಹೊಸ ದಪ್ತರ ಬಂತು. ನನ್ನ ಮಗಳು ಅದನ್ನು ಮುಟ್ಟಿ ಮುಟ್ಟಿ ನೋಡುವಾಗ ಅವಳನ್ನು ದರದರ ಎಳೆದು ಒಳಗೆ ಕೂರಿಸಿದೆ.

ಒಂದು ದಿನ ಇಬ್ಬರೂ ವಾಸ್ಕೋ ಮಾರ್ಕೆಟ್ಟಿಗೆ ಹೋಗಿದ್ದೆವು. ಸೀರೆ ಅಂಗಡಿಯಲ್ಲಿ ಅವಳು ಹಸಿರು ಬಣ್ಣದ್ದೊಂದನ್ನು ಎತ್ತಿ ಕಟ್ಟಲು ಹೇಳಿದಳು.

"ಭಾವನ್ನ ಕೇಳಿದೇನು?" ಎಂದೆ.

ಅವಳು ನನ್ನ ಮುಖ ನೋಡಿದಳು. ಕುಹಕವೇನೂ ಇರಲಿಲ್ಲ, ನಿಜವಾಗಿಯೂ ತಿಳಿಯದವಳ ಹಾಗೆ, "ಅವರನ್ಯಾಕ ಕೇಳಬೇಕು? ಉಡಾಕಿ ನಾ ಅಲ್ಲೇನು?" ಎಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಚುಚ್ಚುತ್ತಲೇ ಇತ್ತು. ಹಸಿರು ಅವಳ ಬಣ್ಣಕ್ಕೆ ಒಪ್ಪುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಪ್ಪುತ್ತಿತ್ತು. ನನ್ನ ಹೊಟ್ಟೆಯನ್ನು ಸುಟ್ಟದ್ದು ಸೀರೆಯಲ್ಲ. ಹಾಗೆ ಒಂದು ಮಾತು ಬಾಯಿಂದ ಸಲೀಸಾಗಿ ಬರುವುದಿದೆಯಲ್ಲ, ಅದು. ನಾನು ಹತ್ತನೆಯ ಇಯತ್ತೆ ಓದಿದವಳು, ನನ್ನ ಬಾಯಲ್ಲಿ ಅಂಥ ಮಾತು ಅಷ್ಟು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಪಣಜಿಯಲ್ಲಿ ಮಹಿಳಾ ಸಂಘಗಳ ಮೇಳ ಆದಾಗ ಸಂಸ್ಥೆಯ ಬಾಯಿ ನಮ್ಮ ಸಂಘಕ್ಕೂ ಒಂದು ಮೇಜು ಕೊಡಿಸಿದರು. ಅವಳು ರೊಟ್ಟಿ ಹಿಂಡಿ ಇಟ್ಟುಕೊಂಡು ನಿಂತಳು, ನಾನು ಚಿಲ್ಲರೆ ಕೊಡಲು ನಿಂತೆ. ಮಧ್ಯಾಹ್ನ ಬಾಯಿ ಅವಳ ಕೈ ಹಿಡಿದು ವೇದಿಕೆಗೆ ಹತ್ತಿಸಿದರು. ಅವಳು ನಮ್ಮ ಭಾಷೆಯಲ್ಲೇ ಮಾತಾಡುವುದು, ಬಾಯಿ ಅದನ್ನು ಕೊಂಕಣಿಯಲ್ಲಿ ಹೇಳುವುದು ಎಂದಾಯಿತು. ನಾನು ಕುರ್ಚಿಗಳ ಹಿಂದೆ ನಿಂತು ಕೇಳಿದೆ.

"ನಂದೇನೂ ದೊಡ್ಡದಿಲ್ರಿ" ಎಂದಳು. "ನಸಿಕಿನ್ಯಾಗ ಏಳ್ತೇನಿ, ರೊಟ್ಟಿ ಬಡೀತೇನಿ, ಮಾರತೇನಿ. ಮದಲ ಉಪ್ಪಿಗೂ ಕೈ ಒಡ್ಡತಿದ್ದೆ. ಈಗ ಒಡ್ಡಂಗಿಲ್ಲ. ಅಷ್ಟ ರೀ."

ಚಪ್ಪಾಳೆ ಬಿತ್ತು. ಸಹಿ ಕಲಿಸಿದ್ದು ನನ್ನ ತಂಗಿ ಎಂದು ಒಂದು ಮಾತು ಬರುತ್ತದೆಂದು ನಾನು ಕಾದಿದ್ದೆ. ಬರಲಿಲ್ಲ. ಮರೆತಳೋ, ಇಷ್ಟೇ ಸಾಕು ಅಂದುಕೊಂಡಳೋ, ಈಗಲೂ ಗೊತ್ತಿಲ್ಲ. ನಾನು ಕೇಳಿಲ್ಲ. ಚಪ್ಪಾಳೆ ಮುಗಿಯುವ ಮೊದಲೇ ಮೇಜಿಗೆ ಮರಳಿ, ಗಿರಾಕಿ ಇಲ್ಲದಿದ್ದರೂ ಹಿಂಡಿಯ ಪೊಟ್ಟಣಗಳನ್ನು ಆಚೀಚೆ ಜೋಡಿಸುತ್ತ ಕೂತೆ. ವಾಪಸು ಬಸ್ಸಿನಲ್ಲಿ ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕೊಡವಿಬಿಡಲೇ ಅನಿಸಿತು. ತಲೆಗೂದಲಿಗೆ ಹಿಟ್ಟಿನ ವಾಸನೆ ಇತ್ತು. ಹಾಗೇ ಕೂತೆ.

ಆಮೇಲೆ ಅವಳಿಗೆ ದೊಡ್ಡ ಆರ್ಡರು ಬರತೊಡಗಿದವು. ಮದುವೆ, ಸೀಮಂತ, ವಾಸ್ತುಶಾಂತಿ. ಗೋವಾದ ನಮ್ಮ ಕಡೆಯ ಜನಕ್ಕೆಲ್ಲ ರೊಟ್ಟಿ ಬೇಕಾಗಿತ್ತು. ಒಂದು ಮದುವೆಗೆ ಕೈ ಸಾಲದೆ ನನ್ನ ಬಾಗಿಲಿಗೆ ಬಂದಳು.

"ಎರಡ ದಿನ ಬಾ ತಂಗಿ. ಉಳದಾರಿಗೆ ಏನ್ ಪಗಾರ ಕೊಡ್ತೇನಿ, ನಿನಗೂ ಅಷ್ಟ ಕೊಡ್ತೇನಿ."

"ಮನಿ ಮಂದಿಗೆ ಕೂಲಿ ಕೊಡ್ತಿ ಏನು?"

"ಬಿಟ್ಟಿ ಕರದ್ರೂ ಸಿಟ್ಟಾಗಾಕಿ ನೀ, ಕೂಲಿ ಕೊಟ್ರೂ ಸಿಟ್ಟಾಗಾಕಿ ನೀ. ನಾ ಏನ್ ಮಾಡ್ಲಿ ಹೇಳು."

ಅವಳು ಹೇಳಿದ್ದು ಖರೆಯೇ ಆಗಿತ್ತು. ಅದಕ್ಕೇ ನಾನು ಹೋಗಲಿಲ್ಲ. ಆಪಾ ಹೋದಳು, ಗಲ್ಲಿಯ ಇನ್ನಿಬ್ಬರು ಹೋದರು. ಅವರೆಲ್ಲ ಅವಳ ಖೋಲಿಯಲ್ಲಿ ಕೂತು ನಗುತ್ತ ರೊಟ್ಟಿ ಬಡಿಯುವುದನ್ನು ನಾನು ಗೋಡೆಯ ಈಚೆ ಕೂತು ಕೇಳಿಸಿಕೊಂಡೆ.

ಆ ವರ್ಷ ಮಳೆಗಾಲದ ಮುಂಚೆ ನನ್ನ ಗಂಡ ಗಾಡಿ ಮಾರಿಬಿಟ್ಟ. ನನಗೆ ಹೇಳದೆ. ಗೆಳೆಯನೊಬ್ಬ ಅದಿರಿನ ಲಾರಿ ತೆಗೆಯುತ್ತಾನೆ, ಅದರಲ್ಲಿ ಪಾಲು, ತಾನು ಅದರ ಮೇಲೆಯೇ ಕ್ಲೀನರಾಗಿ ಹೋಗುತ್ತೇನೆ ಎಂದ. ಕುಡಚಡೆಯ ಗಣಿಗಳ ಕಡೆಗೆ ಹೋದವನು ತಿಂಗಳಿಗೊಮ್ಮೆ ಬರುತ್ತಿದ್ದ. ಪಾಲಿನ ಲಾಭ ಎಂಬುದು ಬರಲೇ ಇಲ್ಲ. ಗಾಡಿ ಹೋದರೂ ಅದರ ಸಾಲ ಇನ್ನೂ ನನ್ನ ತಲೆಯ ಮೇಲಿತ್ತು.

ಪಕ್ಕದ ಬಾಗಿಲಲ್ಲಿ ಭಾವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ಅದನ್ನು ನೋಡಿ ನೋಡಿ ತಡೆಯಲಾಗದೆ ಆಪಾಳ ಮನೆಗೆ ಹೋಗಿ ಅಂದೆ:

"ಭಾವನ ಬೆನ್ನು ಮುರದದ್ದೇ ಆಕಿ ನಸೀಬು ನೋಡು ಆಪಾ. ಗಟ್ಟಿ ಇದ್ದಿದ್ರ ಅವರೂ ಆಕಿ ರೊಕ್ಕ ತಗೊಂಡು ಗಾಡಿ ತರತಿದ್ರು."

ಆಪಾ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹಂಗಾರ ನಿನ್ನ ಗಂಡಂದೂ ಮುರೀಲಿ ಅಂತ ದುವಾ ಮಾಡ್ಲೇನು?"

ನನಗೆ ನಗೆ ಬಂತು. ನಗುತ್ತಲೇ ಅಳು ಬಂತು. ಅವಳು ದಾರ ಕೆಳಗಿಟ್ಟು ಚಹಾ ಇಟ್ಟಳು. ಚಹಾ ಕುಡಿಯುವಾಗ ಹೇಳಿದಳು: "ನಿನಗ ಏನ್ ಬರ್ತೈತಿ ಅದನ್ನ ಹೇಳು. ಆಕಿಗೆ ಏನ್ ಬರ್ತೈತಿ ಅನ್ನೂದು ಬಿಡು. ಅದು ಊರಿಗೆಲ್ಲ ಗೊತ್ತೈತಿ."

ನನಗೆ ಹೊಲಿಗೆ ಬರುತ್ತಿತ್ತು. ಮದುವೆಗೆ ಮುಂಚೆ ತವರಿನಲ್ಲಿ ಕಲಿತದ್ದು. ಸೀರೆಗೆ ಫಾಲು ಹಚ್ಚಿ ಪಿಕೋ ಹೊಡೆಯುವ ಮಿಷನ್ನು ನಮ್ಮ ಗುಡ್ಡದಲ್ಲಿ ಯಾರ ಬಳಿಯೂ ಇರಲಿಲ್ಲ. ಹಳೆಯ ಸಾಲವನ್ನು ಮುಸುರೆಯ ಕೂಲಿಯಲ್ಲಿ ತೀರಿಸುತ್ತ ಬಂದು, ಮುಗಿದ ವಾರ ಸಂಘದಲ್ಲಿ ಮತ್ತೆ ಸಾಲ ಕೇಳಿದೆ.

ಭಾನುವಾರದ ಸಭೆ. ಅಧ್ಯಕ್ಷಿಯ ಜಾಗದಲ್ಲಿ ಅವಳು ಕೂತಿದ್ದಳು. ಎಲ್ಲರ ಎದುರು ನನ್ನನ್ನು ಕೇಳಿದಳು:

"ಹಿಂದಿನ ರೊಕ್ಕ ಎಲ್ಲಿಗೆ ಹೋತು ತಂಗಿ?"

ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಗೋಡೆಯಾಚೆ ನಮ್ಮ ಜಗಳವೆಲ್ಲ ಕೇಳಿಸಿಕೊಂಡವಳು. "ನಿನಗ ಗೊತ್ತೈತಿ ಯಕ್ಕಾ" ಎಂದೆ.

"ನನಗ ಗೊತ್ತಿದ್ರ ಸಾಲಂಗಿಲ್ಲ. ಜಾಮೀನು ಇವರೆಲ್ಲರದೂ. ಇವರಿಗೆ ಹೇಳು."

"ಗಾಡಿಗೆ ಹೋತು. ಗಾಡಿ ಅವರು ಮಾರಿದ್ರು. ತೀರಿಸಿದ್ದು ನಾನು."

"ಈ ಸಲಾನೂ ಹಂಗ ಆದ್ರ?"

ನಾನು ಆಪಾಳ ಕಡೆ ನೋಡಿದೆ. ಆಗ ಅವಳು ಹೇಳಿದಳು, "ಈಕಿ ಕೈಯಾಗ ರೊಕ್ಕ ಕೊಡೂದು ಬ್ಯಾಡ. ನಾವ ನಾಕು ಮಂದಿ ಹೋಗಿ ಮಿಷನ್ ತರೂಣು. ಕಂತು ಮುಗಿಯೂ ತನಕ ಅದು ಸಂಘದ್ದು."

ಎಲ್ಲರೂ ಒಪ್ಪಿದರು. ನನಗೆ ಬೇಕಾದದ್ದು ಸಿಕ್ಕಿತ್ತು, ಆದರೂ ಒಬ್ಬರನ್ನೂ ಮಾತಾಡಿಸದೆ ಎದ್ದು ಬಂದೆ. ಅವಳು ಬೇಡ ಎಂದಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ. ಅವಳು ಸರಿಯಾದದ್ದನ್ನೇ ಮಾಡಿದ್ದಳು, ಅದೂ ಎಲ್ಲರೆದುರು ನನ್ನನ್ನು ನಿಲ್ಲಿಸಿ. ಸರಿಯಾದದ್ದನ್ನು ಮಾಡುವ ಅಧಿಕಾರವೂ ಅವಳದೇ ಆಗಿತ್ತಲ್ಲ ಎಂದು ಉರಿಯಿತು.

ಮಿಷನ್ನು ಬಂತು. ಮುಂದಿನ ಸಲ ಊರಿನಿಂದ ಹಿಂದಿರುಗಿದವನ ಹಾಗೆ ಬ್ಯಾಗು ಹಿಡಿದು ಬಂದ ನನ್ನ ಗಂಡ ಅದರ ಸುತ್ತ ಒಂದು ಸುತ್ತು ಹಾಕಿ, "ಚಲೋ ಐತಿ. ಇದಕ್ಕೆಷ್ಟು ಬರತೈತಿ ಈಗ?" ಎಂದ. ಮಾರಿದರೆ ಎಷ್ಟು ಎಂಬುದು ಅದರ ಅರ್ಥ. ಬಾಗಿಲಲ್ಲಿ ನೆಗೆಣ್ಣಿ ನಿಂತಿದ್ದಳು. ಹಿಟ್ಟಿನ ಕೈಯಲ್ಲೇ ಬಂದಿದ್ದಳು.

"ಅದು ಸಂಘದ್ದಪಾ" ಎಂದಳು ಮೈದುನನಿಗೆ. "ತೀರೂ ತನಕ ನಿನ್ನ ಹೆಂಡ್ತೀದೂ ಅಲ್ಲ, ನಿಂದಂತೂ ಅಲ್ಲ. ಏನರ ಆದ್ರ ಅಷ್ಟೂ ಹೆಂಗಸರು ನಿನ್ನ ಬಾಗಿಲಿಗೆ ಬರತೇವಿ."

ಅವನು "ಹೌದು ಬಿಡ್ರಿ ಅತ್ಗಿ" ಎಂದು ಅಂಗಿ ಬಿಚ್ಚಿ ಜಳಕಕ್ಕೆ ಹೋದ. ನಾನು ಮದುವೆಯಾದಾಗಿನಿಂದ ಆ ಮನುಷ್ಯನ ಬಾಯಿ ಮುಚ್ಚಿಸಲು ಸೋತಿದ್ದೆ. ಅವಳು ಹೊಸ್ತಿಲ ಆಚೆ ನಿಂತು ಮುಚ್ಚಿಸಿದಳು. ನನಗಾಗಿಯೇ ಮುಚ್ಚಿಸಿದಳು. ಆ ಹೊತ್ತಿನಲ್ಲೂ ನನಗೆ ಅವಳ ಮೇಲೆ ಕೃತಜ್ಞತೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ.

ಆದರೆ ಮಿಷನ್ನು ನಡೆಯಿತು. ಮೊದಲು ಗಲ್ಲಿಯ ಸೀರೆಗಳು, ನೈಟಿಗಳು. ಆಮೇಲೆ ನಾನು ಮುಸುರೆ ತಿಕ್ಕುತ್ತಿದ್ದ ಫ್ಲ್ಯಾಟಿನ ಕ್ರಿಸ್ತಾಂವ ಹೆಂಗಸೇ ನಾತಾಳ, ಅಂದರೆ ಕ್ರಿಸ್ಮಸ್ ಹಬ್ಬಕ್ಕೆ ತನ್ನ ಹಳೆಯ ಫ್ರಾಕುಗಳನ್ನು ಬಿಗಿ ಸಡಿಲು ಮಾಡಿಸಲು ಕಳಿಸಿದಳು. ಅವಳ ಅಕ್ಕತಂಗಿಯರೂ ಬಂದರು. ಮುಸುರೆ ಬಿಟ್ಟೆ. ಕಿಟಕಿಗೆ ಬಟ್ಟೆ ಕಟ್ಟಿ, ಕಲ್ಲಿದ್ದಲ ಧೂಳು ಬಾರದ ಹಾಗೆ ಮಾಡಿಕೊಂಡು ಕೂತು ಹೊಲಿದೆ. ಮಗಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಮಿಷನ್ನು ನನ್ನದಾಗಿತ್ತು. ಯಾರ ಕೈಗೂ ಕೊಡದೆ ಇಟ್ಟುಕೊಂಡ ಮೊದಲ ದುಡ್ಡಿನಲ್ಲಿ ನಾನು ಹುಬ್ಬಳ್ಳಿ ಬಸ್ಸು ಹತ್ತಿ, ಒಬ್ಬಳೇ, ತವರಿಗೆ ಹೋಗಿ ಬಂದೆ. ಹೋಗುತ್ತೇನೆ ಎಂದು ಗಂಡನಿಗೆ ಫೋನಿನಲ್ಲಿ ಹೇಳಿದೆ. ಹೋಗಲೇ ಎಂದು ಕೇಳಲಿಲ್ಲ.

ಗಣಿಗಳು ಬಂದ್ ಆದ ವರ್ಷ ಅದಿರಿನ ಲಾರಿಗಳೆಲ್ಲ ನಿಂತವು. ಗಂಡ ಮನೆಗೆ ಬಂದು ಕೂತ. ಕೊನೆಗೆ ವೆರ್ಣಾದ ಒಂದು ಗೋದಾಮಿನಲ್ಲಿ ವಾಚ್‌ಮನ್ ಆದ, ಈಗ ಪಗಾರದಲ್ಲಿ ಅರ್ಧ ನನ್ನ ಕೈಗೆ ಕೊಡುತ್ತಾನೆ. ಅದೇ ವರ್ಷ ನೆಗೆಣ್ಣಿ ಗುಡ್ಡ ಇಳಿದಳು. ಮಡಗಾಂವಿನ ಫಾತೋರ್ಡಾದಲ್ಲಿ ಕಟ್ಟಡ ಕೆಲಸದವರು ಬಹಳ ಇದ್ದಾರೆಂದು ಅಲ್ಲೊಂದು ಖಾನಾವಳಿ ಹಾಕಿ, ಹಿಂದಿನ ಖೋಲಿಯಲ್ಲೇ ಮನೆ ಮಾಡಿದಳು. ತೆರೆಯುವ ಮುಂಚೆ ಪಡದೆಗಳ ಅಳತೆಗೆ ಬಾ ಎಂದು ನನ್ನನ್ನು ಕರೆಸಿದಳು.

ಹೋಗಿ ನೋಡಿದೆ. ಸ್ಟೀಲಿನ ಮೇಜುಗಳು, ಗೋಡೆಗೆ ಅರ್ಧ ಎತ್ತರದ ತನಕ ಟೈಲ್ಸು, ಶಟರಿನ ಮೇಲೆ ಕನ್ನಡದಲ್ಲಿ ಬರೆಸಿದ ಬೋರ್ಡು, ಕೌಂಟರಿನ ಹಿಂದೆ ಗಾಲಿ ಇರುವ ಕುರ್ಚಿ. ಆ ಕುರ್ಚಿ ನೋಡಿ ನನಗೆ ಎಷ್ಟು ಉರಿಯಿತೆಂದರೆ, ಟೇಪು ಹಿಡಿದು ಕಿಟಕಿಯ ಅಳತೆಯನ್ನು ಎರಡೆರಡು ಸಲ ತೆಗೆಯಬೇಕಾಯಿತು. ಅಳತೆ ಮುಗಿಸಿ ಮಜೂರಿ ಹೇಳಿದೆ.

"ನೆಗೆಣ್ಣಿ ಅಂತ ಕಡಿಮಿ ಮಾಡಂಗಿಲ್ಲೇನು?"

"ನೆಗೆಣ್ಣಿ ಅಂತ ಚಲೋತ್ನಂಗ ಹೊಲೀತೇನಿ. ಮಜೂರಿ ಅಷ್ಟ."

ಬಹಳ ಹೊತ್ತು ಚೌಕಾಸಿ ನಡೆಯಿತು. ಮೂಲೆಯಲ್ಲಿ ಈರುಳ್ಳಿ ಸುಲಿಯುತ್ತ ಕೂತಿದ್ದ ಭಾವ, "ಕೊಟ್ಟು ಬಿಡವಾ, ಆಕಿ ಸೋಲಾಕಿ ಅಲ್ಲ" ಎಂದರು. ಅವಳು ನಕ್ಕು, ಗಲ್ಲಾಪೆಟ್ಟಿಗೆ ತೆಗೆದು ಅರ್ಧ ಮುಂಗಡ ಕೊಟ್ಟಳು. ಉಳಿದದ್ದು ಪಡದೆ ತೂಗು ಹಾಕಿದ ಮೇಲೆ ಎಂದಳು. ನಾನಾದರೂ ಹಾಗೇ ಮಾಡುತ್ತಿದ್ದೆ.

ಹೊರಡುವಾಗ ಅವಳು ರಸ್ತೆಯ ಆಚೆ ನಿಂತಿದ್ದ ಒಬ್ಬ ಹೆಂಗಸನ್ನು ಕೂಗಿ ಕರೆದಳು. ಯಾರೋ ಕಂಟ್ರಾಕ್ಟರನ ಹೆಂಡತಿಯಂತೆ, ಹೊಸ ಮನೆ ಕಟ್ಟಿಸಿದ್ದಾಳಂತೆ. "ನಿಮ್ಮ ಮನಿ ಪಡದೆ ಈಕಿ ಕಡೆ ಹೊಲಿಸ್ರಿ. ವಾಸ್ಕೋದಾಗ ಈಕಿ ಹೊಲಿಗಿಗೆ ಸರಿಸಾಟಿ ಯಾರೂ ಇಲ್ಲ" ಎಂದಳು. ಆ ಹೆಂಗಸು ಅಲ್ಲೇ ನನ್ನನ್ನು ಕರೆದುಕೊಂಡು ಹೋಗಿ ಎಂಟು ಕಿಟಕಿ ತೋರಿಸಿದಳು. ಅಷ್ಟು ದೊಡ್ಡ ಕೆಲಸ ನನಗೆ ಅದೇ ಮೊದಲು. ಮಡಗಾಂವಿನಿಂದ ವಾಸ್ಕೋ ಬಸ್ಸು ಹತ್ತಿ ಕಿಟಕಿಯ ಬದಿಗೆ ಕೂತೆ. ಸಂತೋಷವಾಗಿತ್ತು. ಆದರೆ ವೆರ್ಣಾದ ಏರು ಬರುವ ತನಕ ನನ್ನ ತಲೆಯಲ್ಲಿ ಒಂದೇ ಯೋಚನೆ. ಇವಳು ಫಾತೋರ್ಡಾಕ್ಕೆ ಬಂದು ಇನ್ನೂ ತಿಂಗಳಾಗಿಲ್ಲ, ಕಂಟ್ರಾಕ್ಟರನ ಹೆಂಡತಿಯನ್ನು ರಸ್ತೆಯ ಈಚೆಯಿಂದ ಕೂಗಿ ಕರೆಯುವಷ್ಟು ಸಲಿಗೆ ಯಾವಾಗ ಬೆಳೆಸಿಕೊಂಡಳು?